ಡೈರೆಕ್ಟ್ ಕೊಟ್ಟ ವೈರು

ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಅವನು ಇಪ್ಪತ್ತು ನಿಮಿಷದಿಂದ ಏಸಿಯ ಮುಂದೆ ಕೈಕಟ್ಟಿ ನಿಂತಿದ್ದ. ಅದು ನಿಲ್ಲುವ ಯೋಚನೆಯಲ್ಲೇ ಇರಲಿಲ್ಲ. ಮೂರನೆಯ ಮಹಡಿಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಒಂದು ಕುರ್ಚಿ. ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು, ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಕೂತ ಒಬ್ಬ ಮುದುಕ. ಹೊರಗೆ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು, ಒಳಗೆ ಮುದುಕನ ಮೂಗಿನ ತುದಿ ಚಳಿಗೆ ಕೆಂಪಾಗಿತ್ತು. ಇದ್ದ ಒಂದೇ ಕಿಟಕಿಯಲ್ಲಿ ಏಸಿಯನ್ನು ಕೂರಿಸಿ ಸುತ್ತಲೂ ಹಲಗೆ ಬಡಿದು ಮುಚ್ಚಿದ್ದರಿಂದ ಆ ಕೋಣೆಗೆ ಹೊರಗಿನದು ಎಂಬುದೇ ಇರಲಿಲ್ಲ, ಬೆಳಕೂ ಟ್ಯೂಬ್‌ಲೈಟಿನದೇ. ಅವನಿಗೆ ಬೆನ್ನ ಹಿಂದಿನ ಬಾಗಿಲನ್ನು ಒಂದು ಸಲ ತೆರೆದು ಬರಬೇಕು ಅನ್ನಿಸುತ್ತಿತ್ತು. ಯಾಕೆ ಹಾಗನ್ನಿಸುತ್ತದೆ ಎಂದು ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುವಾಗಲೇ ಏನೋ ಒಂದು ಕಸಿವಿಸಿ ಶುರುವಾಗಿತ್ತು, ವಯಸ್ಸು ಐವತ್ತನಾಲ್ಕಾಯಿತು, ಮೂರು ಮಹಡಿ ಎಂದರೆ ಎದೆ ಹೊಡೆದುಕೊಳ್ಳುವುದೇ ಎಂದು ಸಮಾಧಾನ ಹೇಳಿಕೊಂಡಿದ್ದ. ಅವನು ಏಸಿ ರಿಪೇರಿ ಕೆಲಸಕ್ಕಿದ್ದ ಭಾಮೈದನ ಅಂಗಡಿಯ ಚೀಟಿಯಲ್ಲಿ ಇದ್ದದ್ದು ಮನೆ ನಂಬರು ಮತ್ತು ಎರಡು ಪದ: ಏಸಿ ನಿಲ್ಲುತ್ತಿಲ್ಲ. "ಭಾವ, ಹತ್ರದಲ್ಲೇ ಇದೆ, ನೀವೇ ಒಂದ್ಸಲ ಹತ್ತಿ ಇಳಿದು ಬಂದ್ಬಿಡಿ" ಎಂದು ಭಾಮೈದ ಕುರ್ಚಿಯಿಂದ ಏಳದೆಯೇ ಚೀಟಿ ಚಾಚಿದ್ದ. ಅಕ್ಕನ ಗಂಡನಿಗೆ ಕೊಡಬೇಕಾದ ಮರ್ಯಾದೆಯನ್ನು ಭಾಮೈದ ಮಾತಿನಲ್ಲಿ ಎಂದೂ ಕಡಿಮೆ ಮಾಡಿದವನಲ್ಲ; ಎಲ್ಲರ ಎದುರು ಭಾವ ಭಾವ ಎನ್ನುತ್ತಲೇ ಏಣಿ ಹತ್ತಿಸುತ್ತಿದ್ದ. ಹೋದ ತಿಂಗಳು ಹಾಗೆಯೇ ಮೆತ್ತಗೆ ಹೇಳಿದ್ದ, "ನೀವು ಮಾಡಿದ ಕೆಲಸಕ್ಕೆ ತಿರುಗಿ ಕಂಪ್ಲೇಂಟ್ ಬಂದ್ರೆ ನಂಗೇ ನಾಚಿಕೆ ಆಗುತ್ತೆ ಭಾವ. ಇನ್ನೊಂದು ಬಂದ್ರೆ ಗೋಡೌನಲ್ಲೇ ಕೂತ್ಕೊಂಡ್ಬಿಡಿ, ಆರಾಮಾಗಿ."

"ನಿಮ್ಮ ತನಿಖೆಯಲ್ಲಿ ಏನು ಕಂಡುಬಂತು?" ಎಂದ ಮುದುಕ. ಆಫೀಸಿನಲ್ಲಿ ಕೇಳುವ ಧಾಟಿ. ತೂಕ ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರಂತೆ, ಬಾಗಿಲು ತೆಗೆದ ಸೊಸೆ ಹೇಳಿದ್ದಳು. ಮೂವತ್ತೈದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ಬಟ್ಟು ಪರೀಕ್ಷೆ ಮಾಡಿ ಮುದ್ರೆ ಒತ್ತಿದವರು. ಹೇಳುತ್ತಲೇ ದನಿ ತಗ್ಗಿಸಿ, "ಅಣ್ಣ, ಅವರು ಏನೇನೋ ಹೇಳ್ತಾರೆ, ನೀವು ಹೂಂ ಅಂದ್ಬಿಡಿ. ಒಂದು ವರ್ಷದಿಂದ ಸ್ವಲ್ಪ ಮರೆವು. ನಾಳೆ ಬೆಳಗ್ಗೆ ಅಂಥವರನ್ನೆಲ್ಲ ನೋಡ್ಕೊಳ್ಳೋ ಕಡೆ ಕರ್ಕೊಂಡು ಹೋಗ್ತಾ ಇದೀವಿ" ಎಂದು ಸೇರಿಸಿದ್ದಳು. ಕೆಟ್ಟವಳಲ್ಲ. ಕಣ್ಣಿನ ಕೆಳಗೆ ಕಪ್ಪು, ನಿದ್ದೆಗೆಟ್ಟವಳ ಮುಖ. ಹಜಾರದಲ್ಲಿ ಜಿಪ್ಪು ಎಳೆದಿಟ್ಟ ಒಂದು ನೀಲಿ ಬ್ಯಾಗು ಬಾಗಿಲಿಗೆ ಒರಗಿತ್ತು.

"ಇನ್ನೂ ನೋಡ್ತಾ ಇದೀನಿ ಸಾರ್" ಎಂದ ಅವನು. ಫಿಲ್ಟರ್ ಎಳೆದು ಬೆಳಕಿಗೆ ಹಿಡಿದ. ಸೊಸೆ ಅದನ್ನು ತೊಳೆದಿಟ್ಟಿದ್ದಳು, ಒಂದು ಎಳೆ ಧೂಳಿಲ್ಲ. ಬಾಗಿಲಿನ ಕೆಳಗೆ ಕೈಯಿಟ್ಟ; ಸಂದಿಗೆ ಹಳೆಯ ಬಟ್ಟೆ ತುರುಕಿದ್ದರು, ಗಾಳಿಯಾಡುತ್ತಿರಲಿಲ್ಲ. ಹಲಗೆಗಳ ಅಂಚಿಗೆ ಅಂಗೈ ಒತ್ತಿ ಸುತ್ತಿಬಂದ, ಎಲ್ಲೂ ಬಿಸಿ ನುಗ್ಗುತ್ತಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ತಂಪೇ ಆಗುತ್ತಿರಲಿಲ್ಲ, ಇಲ್ಲಿ ಹಲ್ಲು ಕಟಕಟ ಎನ್ನುತ್ತಿದೆ. ಅವನಿಗೆ ಬೇಕಾಗಿದ್ದದ್ದು ಯಾರ ತಪ್ಪೂ ಅಲ್ಲದ ಒಂದು ತೊಂದರೆ: ಧೂಳು, ಬಿಸಿಲು, ಇಲಿ, ಯಾವುದಾದರೂ ಸರಿ. ಒಂದೊಂದನ್ನೇ ಪರೀಕ್ಷಿಸಿ ಬಿಡುತ್ತ ಹೋದಹಾಗೆ ಉಳಿದದ್ದು ಒಂದೇ, ಕೋಣೆ ಸಾಕಷ್ಟು ತಣ್ಣಗಾಯಿತೆಂದು ತಿಳಿದು ಮಷೀನನ್ನು ನಿಲ್ಲಿಸಬೇಕಾದ ಆ ಸಣ್ಣ ಪಾರ್ಟು, ಥರ್ಮೋಸ್ಟಾಟ್. ಅದರ ನಾಬನ್ನು ತಿರುಗಿಸಿ ನೋಡಿದರೆ ಮುಗಿಯಿತು. ಮೊದಲು ಮಾಡಬೇಕಾದದ್ದೇ ಅದು, ಹೊಸಬರಿಗೆ ಅವನೇ ಪಾಠ ಹೇಳುವುದು, ಅಂಗಡಿಯಲ್ಲಿ ಅವನನ್ನು ಮೇಷ್ಟ್ರು ಎಂದು ಕರೆಯುವುದೂ ಅದಕ್ಕೇ. ಆದರೆ ನಾಬಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿತ್ತು. ಅದರ ಮೇಲೆ ತಾರೀಕು, ಗಂಟೆ, ಅರ್ಧ ಕಾಗದದ ಮೇಲೆ ಅರ್ಧ ಪ್ಲಾಸ್ಟಿಕ್ಕಿನ ಮೇಲೆ ಬೀಳುವಂತೆ ಎಳೆದ ಒಂದು ರುಜು.

"ಸೀಲು" ಎಂದ ಮುದುಕ. "ಮೂರು ದಿನದ ಹಿಂದೆ ಹಾಕಿದ್ದು. ಕಡಿಮೆ ಚಳಿಗೆ ತಿರುಗಿಸಿ ಸೀಲ್ ಮಾಡಿದೆ. ನಾನೇ ತಿರುಗಿಸಿ ಮರೀತೀನಿ ಅಂತಾರಲ್ಲ, ತಿರುಗಿಸಿದ್ರೆ ರುಜು ಮುರೀಬೇಕು. ನೋಡಿ, ಮುರಿದಿಲ್ಲ. ಆದ್ರೂ ಚಳಿ."

"ಮಗನಿಗೆ ತೋರಿಸಿದ್ರಾ?"

"ತೋರಿಸ್ದೆ. ನೀವೇ ಹರಿದು, ಹೊಸ ಕಾಗದ ಅಂಟಿಸಿ, ಮತ್ತೆ ರುಜು ಹಾಕಿದೀರಿ ಅಂದ." ಮುದುಕ ತನ್ನ ಕೈಗಳನ್ನು ನೋಡಿಕೊಂಡ. "ಇಲ್ಲ ಅಂತ ನಂಗೂ ಗಟ್ಟಿಯಾಗಿ ಹೇಳೋಕಾಗ್ಲಿಲ್ಲ. ರುಜು ನಂದೇ ತಾನೆ. ಬಾಗಿಲು ಹಾಕಿದೀನಾ ಅಂತ ಈಗ ನಾಲ್ಕು ಸಲ ಎದ್ದು ನೋಡ್ತೀನಿ. ತಪ್ಪು ತೋರಿಸೋ ತಕ್ಕಡೀನ ಅಂಗಡೀಲಿ ಇಟ್ಕೊಳ್ಳೋ ಹಾಗಿಲ್ಲ, ಜಪ್ತಿ ಮಾಡಬೇಕು. ನಾಳೆ ಹೋಗ್ತೀನಿ ಅಂತ ನಾನೇ ಒಪ್ಕೊಂಡೆ. ಇವರು ಬಲವಂತ ಮಾಡಿಲ್ಲ."

ಅದನ್ನು ಹೇಳುವಾಗ ಮುದುಕನ ದನಿಯಲ್ಲಿ ಅಳು ಇರಲಿಲ್ಲ, ದೂರು ಇರಲಿಲ್ಲ. ಅದರಿಂದಲೇ ಕೇಳುವವನಿಗೆ ಹಿಂಸೆಯಾಯಿತು. ಸೀಲು ಹರಿಯಬೇಕಾದರೆ ಸಾಕ್ಷಿಯಾಗಿ ರುಜು ಹಾಕಬೇಕು ಎಂದು ಮುದುಕ ಒಂದು ಕಾಗದ ಚಾಚಿದ. ಅವನು ಗಂಟೆ ಬರೆದು ರುಜು ಹಾಕಿದ, ಬರೆಯುವಾಗ ಎಡಗೈಯ ಬೆರಳುಗಳು ಮರಗಟ್ಟಿದ್ದವು. ಪಟ್ಟಿ ಹರಿದು ನಾಬನ್ನು ತೀರಾ ಕೊನೆಯವರೆಗೆ ತಿರುಗಿಸಿದ. ಟಕ್ ಎಂದು ಒಳಗಿನಿಂದ ಸದ್ದು ಬರಬೇಕು, ಮಷೀನಿನ ಗುಡುಗು ಇಳಿದು ಬರೀ ಫ್ಯಾನಿನ ಸುಯ್ ಉಳಿಯಬೇಕು. ಏನೂ ಆಗಲಿಲ್ಲ. ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಅದು ತನ್ನ ಪಾಡಿಗೆ ಗುಡುಗುತ್ತಲೇ ಇತ್ತು. ಮುದುಕ ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡುತ್ತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ.

"ಬಿಚ್ಚಬೇಕು. ಕರೆಂಟ್ ಆರಿಸ್ಬೇಕಮ್ಮ, ಸ್ವಿಚ್ ಎಲ್ಲಿ?" ಎಂದು ಕೂಗಿದ. ಸೊಸೆ ಬಂದು ಬೀರುವಿನ ಹಿಂದಿನ ಸಂದಿಗೆ ಭುಜದವರೆಗೂ ಕೈ ತೂರಿಸಿ, ಕೆನ್ನೆಯನ್ನು ಬೀರುವಿಗೆ ಒತ್ತಿ, ತಡಕಿ ಆರಿಸಿದಳು. ಆ ಭಂಗಿ. ಕೆನ್ನೆ ಒತ್ತಿಕೊಂಡು ಕಣ್ಣು ಮುಚ್ಚಿ ಸ್ವಿಚ್ಚಿಗಾಗಿ ತಡಕುವ ಆ ಭಂಗಿಯನ್ನು ಅವನು ಇದೇ ಜಾಗದಲ್ಲಿ ನೋಡಿದ್ದ. ಆಗ ಈ ಗೋಡೆಗಳು ಬಿಳಿಯಿದ್ದವು, ಈಗ ತಿಳಿಹಳದಿ. ಮುಂಬಾಗಿಲೂ ಬದಲಾಗಿದೆ, ಅದಕ್ಕೇ ಮನೆಯ ಗುರುತು ಸಿಕ್ಕಿರಲಿಲ್ಲ. ಆಗ ಇದ್ದವಳು ವಯಸ್ಸಾದ ಹೆಂಗಸು, ಕುಳ್ಳಿ, ಕೈ ಒದ್ದೆಯಿತ್ತು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದು ಅವನೇ ಗದರಿದ್ದ. ಅದು ಯಾವ ಬೇಸಿಗೆ? ನಾಲ್ಕು ವರ್ಷವಾಗಿರಬೇಕು. ಅಂದು ಹನ್ನೊಂದು ಮನೆ ಇದ್ದವು, ಇದು ಒಂಬತ್ತನೆಯದು, ಬೈಕಿನ ಸೀಟು ಕೂರಲಾಗದಷ್ಟು ಕಾದಿತ್ತು ಎಂಬುದು ಮಾತ್ರ ನೆನಪಿದೆ. ಇಲ್ಲ, ಬೇರೆ ಮನೆ ಇರಬಹುದು. ಬೀರುವಿನ ಹಿಂದೆ ಸ್ವಿಚ್ ಇರುವ ಮನೆಗಳು ನೂರಿವೆ. ಅವನು ಏಸಿಯ ಮುಂದಿನ ಮುಚ್ಚಳ ಕಳಚಿ, ನಾಲ್ಕು ಸ್ಕ್ರೂ ಬಿಚ್ಚಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಒಳಗೆ ನೋಡಿದ.

ಥರ್ಮೋಸ್ಟಾಟಿಗೆ ಹೋಗಬೇಕಾದ ಎರಡು ವೈರುಗಳನ್ನು ಕಿತ್ತು ಒಂದಕ್ಕೊಂದು ಹೆಣೆದು ಕಪ್ಪು ಟೇಪು ಸುತ್ತಿತ್ತು. ಡೈರೆಕ್ಟ್ ಕೊಡುವುದು ಎನ್ನುತ್ತಾರೆ ಇದಕ್ಕೆ. ಪಾರ್ಟು ಕೆಟ್ಟು ಮಷೀನು ಓಡದೆ ಇದ್ದಾಗ, ಹೊಸದು ಸಿಗುವ ತನಕ, ಕರೆಂಟು ಅದನ್ನು ಕೇಳದೆ ನೇರ ಹೋಗುವಂತೆ ಮಾಡಿಬಿಡುವುದು. ಓಡುತ್ತದೆ, ನಿಲ್ಲುವುದಿಲ್ಲ. ಗಿರಾಕಿ ತಣ್ಣಗಾಯಿತು ಎಂದು ಖುಷಿಯಾಗುತ್ತಾನೆ. "ಡೈರೆಕ್ಟ್ ಕೊಟ್ಟು ಬಂದೋನು ಮೆಕ್ಯಾನಿಕ್ ಅಲ್ಲ, ತಲೆತಪ್ಪಿಸ್ಕೊಂಡು ಬಂದೋನು" ಎಂದು ಅವನು ಅಂಗಡಿಯಲ್ಲಿ ಪ್ರತಿ ವರ್ಷ ಭಾಷಣ ಬಿಗಿಯುತ್ತಿದ್ದ. ಹೆಣಿಗೆ ಎಡಕ್ಕೆ ತಿರುಗಿತ್ತು, ಎಡಚನ ಕೈ. ಟೇಪಿನ ತುದಿಯನ್ನು ಅಕ್ಕಿಕಾಳಿನಷ್ಟು ಒಳಕ್ಕೆ ಮಡಿಸಿತ್ತು, ಮುಂದೆ ಬಿಚ್ಚುವವನ ಉಗುರಿಗೆ ಸುಲಭವಾಗಿ ಸಿಗಲಿ ಎಂದು. ಆ ಮಡಿಕೆಯನ್ನು ಅವನಿಗೆ ಕಲಿಸಿದ್ದು ಅವನ ಉಸ್ತಾದ್, ಈ ಊರಿನಲ್ಲಿ ಬೇರೆ ಯಾರೂ ಹಾಗೆ ಮಡಿಸುವುದಿಲ್ಲ. ಬಾಯಲ್ಲಿದ್ದ ಟಾರ್ಚನ್ನು ಕೈಗೆ ತೆಗೆದು ಹತ್ತಿರ ಹಿಡಿದು ನೋಡಿದ. ಮೊದಲು ಬಂದದ್ದು ನಾಚಿಕೆಯಲ್ಲ, ಭಯ. ಭಯದ ಹಿಂದೆಯೇ ಒಂದು ಲೆಕ್ಕಾಚಾರ. ಕಿತ್ತು ಜೇಬಿಗೆ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಇವತ್ತು ಬ್ಯಾಗಿನಲ್ಲಿ ಹೊಸ ಥರ್ಮೋಸ್ಟಾಟ್ ಇದೆ. ಹಾಕಿದರೆ ಹತ್ತು ನಿಮಿಷದ ಕೆಲಸ.

ಕಿತ್ತ. ಹೆಣೆದ ತುಂಡನ್ನು ಕಟ್ಟರಿನಿಂದ ಕತ್ತರಿಸಿ ಶರಟಿನ ಜೇಬಿಗೆ ಇಳಿಸಿದ, ಬೆನ್ನು ಮುದುಕನ ಕಡೆಗಿತ್ತು. ಎರಡೇ ದಿನ ಅಮ್ಮ, ಪಾರ್ಟ್ ತಂದು ಹಾಕ್ತೀನಿ ಎಂದಿದ್ದ ಆ ಒದ್ದೆಕೈಯ ಹೆಂಗಸಿಗೆ. ಅವಳು ಕೇಳಿದ್ದಳು, "ರಾತ್ರಿ ಎಲ್ಲಾ ಹೀಗೇ ಓಡಿದ್ರೆ ಇವರಿಗೆ ಆಗಲ್ಲ ಕಣಪ್ಪ, ಎದೆ ಕಟ್ಟುತ್ತೆ. ನಿಲ್ಸೋದು ಹೇಗೆ?" ಚಳಿಯಾದರೆ ಗೋಡೆಯ ಸ್ವಿಚ್ ಆರಿಸಿ, ಸೆಕೆಯಾದರೆ ಹಾಕಿ, ಆರಿಸಿದ ತಕ್ಷಣ ಮಾತ್ರ ಹಾಕಬೇಡಿ, ಮಷೀನು ಸುಟ್ಟುಹೋಗುತ್ತದೆ ಎಂದು ಬಾಗಿಲಿನಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ್ದ. ಒಂದು ವಾರದ ಮೇಲೆ ಅಂಗಡಿಯಲ್ಲಿ ಚೀಟಿ ಇತ್ತು: ಪಾರ್ಟ್ ಬಂತಾ ಎಂದು ಕೇಳಿದ್ದಾರೆ. ಓದಿದ್ದ. ನಾಳೆ ಎಂದುಕೊಂಡು ಜೇಬಿಗಿಟ್ಟಿದ್ದ, ಇದೇ ಜೇಬು, ಹೆಂಡತಿ ಶರಟು ಒಗೆಯುವಾಗ ಚೀಟಿ ಉಂಡೆಯಾಗಿ ಬಂದಿತ್ತು. ಇನ್ನೊಂದು ಚೀಟಿ ಬರಲಿಲ್ಲ. ಬರದಿದ್ದಕ್ಕೆ ಅವನು ನಿರಾಳವಾಗಿದ್ದ, ಹೇಗೋ ಸರಿಹೋಗಿರಬೇಕು ಎಂದುಕೊಂಡು ಮರೆತಿದ್ದ. ಎಷ್ಟು ಚೆನ್ನಾಗಿ ಮರೆತಿದ್ದ ಎಂದರೆ ಮೆಟ್ಟಿಲು ಹತ್ತುವಾಗಲೂ ನೆನಪಾಗಲಿಲ್ಲ. ಮರೆವು ಬಂದಿದೆ ಎಂದು ಯಾರೂ ಅವನನ್ನು ಎಲ್ಲಿಗೂ ಕಳಿಸಿಕೊಡಲಿಲ್ಲ.

"ಸಿಕ್ತಾ?" ಎಂದ ಮುದುಕ.

"ಸಿಕ್ತು ಸಾರ್. ಪಾರ್ಟು ಸವೆದಿದೆ. ಮಷೀನಿಗೂ ವಯಸ್ಸಾಯ್ತಲ್ಲ." ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಅಸಹ್ಯವಾಯಿತು. "ನಾಬ್ ತಿರುಗಿಸಿದ್ರೂ ಕೇಳ್ತಿರ್ಲಿಲ್ಲ. ನೀವು ಹೇಳಿದ್ದು ಸರಿ."

ಮುದುಕನ ಮುಖ ಒಂದು ಕ್ಷಣ ಬೆಳಗಿತು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿದವಳು ನೆಟ್ಟಗಾದಳು. "ಹಂಗಾದ್ರೆ ಇದು ಯಾವಾಗ ಕೆಟ್ಟಿರಬಹುದು ಅಣ್ಣ?"

"ಹೇಳೋದು ಕಷ್ಟ ಅಮ್ಮ. ಇತ್ತೀಚೆಗೆ ಇರ್ಬೇಕು. ಒಂದೆರಡು ವಾರ."

ಯಾಕೆ ಹಾಗೆ ಹೇಳಿದ? ಇತ್ತೀಚೆಗೆ ಎಂದರೆ ಹಳೆಯ ಚೀಟಿ ಯಾರೂ ಹುಡುಕುವುದಿಲ್ಲ, ಅಷ್ಟೇ. ಆದರೆ ಸೊಸೆ ನಿಧಾನಕ್ಕೆ ತಲೆಯಾಡಿಸಿದಳು, ಅವಳ ಮುಖದಲ್ಲಿ ತೆರೆದಿದ್ದ ಏನೋ ಒಂದು ಮುಚ್ಚಿಕೊಂಡಿತು. "ಮಾವ, ಹಂಗಾದ್ರೆ ಹೋದ ಬೇಸಿಗೇಲಿ ನೀವು ಚಳಿ ಚಳಿ ಅಂದಾಗ ಮಷೀನ್ ಸರಿಯಾಗೇ ಇತ್ತು" ಎಂದಳು, ಗದರಿಕೆಯಲ್ಲಿ ಅಲ್ಲ, ಕರುಣೆಯಿಂದ. ಮುದುಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಹೌದಮ್ಮ. ಹೋದ ವರ್ಷ ನಿಮ್ಮತ್ತೆ ಹೋದ ಮೇಲಿಂದ ಹಿಂಗಾಗಿದ್ದು. ಅವಳಿರೋ ತನಕ ಈ ಏಸಿ ಒಂದಿನ ತಂಟೆ ಮಾಡಿಲ್ಲ. ಒಂದೆರಡು ವಾರ ಅಂದ್ರೆ ಹೋದ ವರ್ಷದ್ದೆಲ್ಲ ನಂದೇ ತಪ್ಪು. ಸರಿ ಬಿಡು." ಮತ್ತೆ ಸಾಕ್ಷಿಯ ಕಾಗದ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಅದರಲ್ಲಿ ಬರೆಯತೊಡಗಿದ. ತನ್ನ ವಿರುದ್ಧವೇ ಬರೆದುಕೊಳ್ಳುತ್ತಿದ್ದ, ಅಕ್ಷರ ದುಂಡಗೆ, ಸಾಲು ನೇರ.

ಅವನು ಹೊಸ ಪಾರ್ಟನ್ನು ಕೂರಿಸುತ್ತಿದ್ದ. ಸ್ಕ್ರೂ ಕೈಜಾರಿ ಮಂಚದ ಕೆಳಗೆ ಉರುಳಿತು. ಮಂಡಿಯೂರಿ ತಲೆಯನ್ನು ಮಂಚದ ಕೆಳಗೆ ತೂರಿಸಿದಾಗ, ಅಲ್ಲಿ ಧೂಳಿನ ವಾಸನೆಯಲ್ಲಿ, ಇಲ್ಲಿಯೇ ಇದ್ದುಬಿಡಬೇಕು ಅನ್ನಿಸಿತು. ಅವಳಿರೋ ತನಕ ತಂಟೆ ಮಾಡಿಲ್ಲ. ತಂಟೆ ಮಾಡದೆ ಏನು, ಅಂದಿನಿಂದ ಇವತ್ತಿನವರೆಗೆ ಒಂದು ದಿನವೂ ಅದು ತಾನಾಗಿ ನಿಂತಿಲ್ಲ, ನಿಲ್ಲಿಸಿದವಳು ಅವಳು. ಎರಡು ದಿನಕ್ಕೆಂದು ಅವನು ಹೇಳಿಕೊಟ್ಟ ಉಪಾಯವನ್ನು ಆ ಹೆಂಗಸು ಸಾಯುವ ತನಕ ಮಾಡಿಕೊಂಡು ಬಂದಿದ್ದಾಳೆ, ಯಾರಿಗೂ ಹೇಳದೆ, ಮೆಕ್ಯಾನಿಕ್ ಬರುತ್ತಾನೆ ಎಂದು ಕಾಯುತ್ತ, ಆಮೇಲೆ ಕಾಯುವುದನ್ನೂ ಬಿಟ್ಟು. ಅವಳು ಹೋದ ದಿನ ಈ ಮನೆಯ ಥರ್ಮೋಸ್ಟಾಟ್ ಹೋಯಿತು. ಇವರಿಗೆ ಕಂಡದ್ದು ಮುದುಕನ ತಲೆ ಹೋಯಿತು ಎಂದು. ಈಗ ಸುಮ್ಮನಿದ್ದರೆ ನಾಳೆ ಬೆಳಗ್ಗೆ ಆ ನೀಲಿ ಬ್ಯಾಗು ಮೆಟ್ಟಿಲು ಇಳಿಯುತ್ತದೆ. ಹೇಳಿದರೆ ಗೋಡೌನು, ಭಾಮೈದನ ಮೆತ್ತನೆಯ ಮಾತು, ಮನೆಯಲ್ಲಿ ಹೆಂಡತಿ ಯಾವ ಕಡೆ ಮಾತಾಡಬೇಕೆಂದು ತಿಳಿಯದೆ ಒಲೆಯ ಕಡೆ ತಿರುಗಿ ನಿಲ್ಲುವುದು. ಇಷ್ಟೇ ತಾನೆ, ಎಂದುಕೊಂಡ. ಸ್ಕ್ರೂ ಕೈಗೆ ಸಿಕ್ಕಿ ಎಷ್ಟೋ ಹೊತ್ತಾಗಿತ್ತು.

"ಸಿಗ್ಲಿಲ್ವಾ? ಕೋಲು ಕೊಡ್ಲಾ?" ಎಂದ ಮುದುಕ, ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿದು.

"ಬರೀಬೇಡಿ ಸಾರ್" ಎಂದ ಅವನು, ಮಂಚದ ಕೆಳಗಿನಿಂದಲೇ. ಆಮೇಲೆ ಹೊರಗೆ ಬಂದು, ತಲೆಗೂದಲಿಗೆ ಅಂಟಿದ ಧೂಳಿನೊಂದಿಗೇ ಜೇಬಿನಿಂದ ವೈರಿನ ತುಂಡು ತೆಗೆದು ಅಂಗೈ ಮೇಲಿಟ್ಟು ಚಾಚಿದ. "ಒಂದೆರಡು ವಾರ ಅಲ್ಲ. ನಾಲ್ಕು ವರ್ಷ. ಇದು ನಾನೇ ಹೆಣೆದಿದ್ದು. ಪಾರ್ಟ್ ಇರ್ಲಿಲ್ಲ, ಡೈರೆಕ್ಟ್ ಕೊಟ್ಟು ಹೋದೆ, ಎರಡು ದಿನದಲ್ಲಿ ಬರ್ತೀನಿ ಅಂದೆ, ಬರ್ಲಿಲ್ಲ. ಅಮ್ಮಾವ್ರು ಅಂಗಡಿಗೆ ಹೇಳಿ ಕಳ್ಸಿದ್ರು, ಆಗ್ಲೂ ಬರ್ಲಿಲ್ಲ. ಅವತ್ತಿಂದ ಈ ನಾಬಿಗೂ ಮಷೀನಿಗೂ ಸಂಬಂಧಾನೇ ಇಲ್ಲ. ನೀವು ತಿರುಗಿಸಿದ್ದು ನಿಜ, ಸೀಲ್ ಹಾಕಿದ್ದು ನಿಜ, ಎಲ್ಲಾ ಸರಿಯಾಗೇ ಮಾಡಿದೀರಿ. ನಿಮ್ಮ ತಲೆ ಸರಿ ಇದೆ ಸಾರ್."

ಸೊಸೆ ಹತ್ತಿರ ಬಂದು ಆ ತುಂಡನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ, ಬೈದರೆ ಉಸಿರಾಡಬಹುದು ಎಂದು ಆಸೆಪಟ್ಟ. "ಹಂಗಾದ್ರೆ ಅತ್ತೆ ಇದ್ದಾಗ?" ಎಂದಳು. ಅವನು ಬೀರುವಿನ ಕಡೆ ನೋಡಿದ. "ಅವರು ಸ್ವಿಚ್ಚಲ್ಲೇ ಆರಿಸ್ತಿದ್ರು ಅನ್ಸುತ್ತೆ ಅಮ್ಮ. ನಾನೇ ಹಂಗೆ ಹೇಳಿದ್ದೆ." ಅವಳು ಬಾಯಿಗೆ ಅಡ್ಡ ಕೈಯಿಟ್ಟುಕೊಂಡಳು. "ದೇವ್ರೇ, ಮಾವನ್ನ ಎಷ್ಟು ಅಂದ್ಬಿಟ್ವಿ" ಎಂದು ಹೊರಗೆ ಓಡಿದಳು. ಹಜಾರದಲ್ಲಿ ಅವಳು ಗಂಡನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು, "ಇಲ್ಲ ರೀ, ನಾಳೆ ಬೇಡ, ಅವರಿಗೆ ಈಗ್ಲೇ ಫೋನ್ ಮಾಡಿ ಬೇಡ ಅನ್ನಿ. ನೀವು ಮೊದ್ಲು ಮನೆಗೆ ಬನ್ನಿ." ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ಅವನು ಕೊನೆಯ ಸ್ಕ್ರೂ ಬಿಗಿದು ತಾನೇ ಸಂದಿಗೆ ಕೈ ತೂರಿಸಿ ಸ್ವಿಚ್ ಹಾಕಿದ. ಸ್ವಿಚ್ಚು ಬಲು ಹಿಂದಿತ್ತು, ಬೀರುವಿನ ಅಂಚು ಅವನ ಕಂಕುಳಿಗೆ ಒತ್ತಿ ನೋವಾಯಿತು. ಮಷೀನು ಹೊರಟಿತು. ಕೋಣೆ ಮೊದಲೇ ತಣ್ಣಗಿದ್ದರಿಂದ ಹೆಚ್ಚು ಹೊತ್ತು ಬೇಕಾಗಲಿಲ್ಲ, ಟಕ್ ಎಂದು ನಿಂತಿತು. ಇಷ್ಟು ಹೊತ್ತು ಗುಡುಗಿನಲ್ಲಿ ಕೇಳಿಸದ ಫ್ಯಾನಿನ ಸಣ್ಣ ಸದ್ದು, ಕೆಳಗಿನ ರಸ್ತೆಯಲ್ಲಿ ಯಾರೋ ಯಾರನ್ನೋ ಕರೆಯುವ ಸದ್ದು ಒಳಗೆ ಬಂತು.

ಮುದುಕ ಎದ್ದಿರಲಿಲ್ಲ. ಮುಖದಲ್ಲಿ ಸಂತೋಷವೂ ಇರಲಿಲ್ಲ. ಬೀರುವನ್ನೇ ನೋಡುತ್ತಿದ್ದ.

"ಈ ರೂಮಿಗೆ" ಎಂದ, "ಸೆಕೆಗಾಲದಲ್ಲಿ, ಎಷ್ಟು ಹೊತ್ತು ಓಡಿದ್ರೆ ಚಳಿ ಆಗುತ್ತೆ?"

"ಅದು... ಅರ್ಧ ಗಂಟೆ ಇರ್ಬಹುದು ಸಾರ್."

"ಆರಿಸಿದ್ರೆ ಎಷ್ಟು ಹೊತ್ತಿಗೆ ಮತ್ತೆ ಸೆಕೆ?"

"ಹೇಳೋಕಾಗಲ್ಲ."

"ರಾತ್ರಿಗೆ ಎಷ್ಟು ಸಲ ಏಳ್ಬೇಕು?"

ಪ್ರಶ್ನೆಗಳು ಎಲ್ಲಿಗೆ ಹೋಗುತ್ತಿವೆ ಎಂದು ಅವನಿಗೆ ಗೊತ್ತಾಯಿತು. "ಎರಡು ಸಲ" ಎಂದ. "ಎರಡು ಸಲ ಎದ್ರೆ ಸಾಕು ಸಾರ್."

"ಅಳತೆ ಸರಿಯಾಗಿ ಹೇಳಿ." ದನಿ ಏರಿರಲಿಲ್ಲ. ಎಷ್ಟು ಅಂಗಡಿಗಳಲ್ಲಿ, ಎಷ್ಟು ಗಲ್ಲಾಪೆಟ್ಟಿಗೆಗಳ ಮುಂದೆ ಹೇಳಿದ ಮಾತೋ. ಅವನು ಸುಳ್ಳಿಗೆ ಇನ್ನೊಂದು ಸಲ ಕೈ ಹಾಕಲಾರದೆ ತಲೆ ತಗ್ಗಿಸಿದ. "ಹಾಕೋದು ಆರಿಸೋದು ಸೇರಿ ಹತ್ತು ಸಲ ಆಗುತ್ತೆ ಸಾರ್. ಒಂದೊಂದು ದಿನ ಹನ್ನೆರಡು."

ಮುದುಕ ತಲೆಯಾಡಿಸಿದ, ಲೆಕ್ಕ ತಾಳೆಯಾದವರಂತೆ. "ನಾನು ಹಾಸಿಗೆಗೆ ಬಿದ್ರೆ ಬೆಳಗ್ಗೇನೇ ಏಳೋದು. ಈಗಲ್ಲ, ಆಗ. ಅವಳು ಎದ್ದಿದ್ದು ಒಂದಿನಾನೂ ಗೊತ್ತಾಗಿಲ್ಲ." ಹೊರಗಿನಿಂದ ಸೊಸೆ, "ಮಾವ, ನಿಮ್ಮ ಬಟ್ಟೆ ಎಲ್ಲ ತೆಗೆದು ಒಳಗಿಡ್ತಿದೀನಿ" ಎಂದು ಕೂಗಿದಳು.

"ನನ್ನ ನೆನಪು ಸರಿಯಾಗಿದೆ ಅಂದ್ರಲ್ಲ ನೀವು?"

"ಹೂಂ ಸಾರ್. ಸರಿಯಾಗಿದೆ."

"ಹಾಗಾದ್ರೆ ಇದೂ ನಿಜಾನೇ." ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ, ಕೋಣೆ ಆಗಲೇ ಬೆಚ್ಚಗಾಗುತ್ತಿತ್ತು. "ಕೊನೆ ಮೂರು ವರ್ಷ ಅವಳು ಕೂತಲ್ಲಿ ನಿಂತಲ್ಲಿ ತೂಕಡಿಸೋಳು. ಸಾರು ಉಕ್ಕಿದ್ರೂ ಗೊತ್ತಾಗ್ತಿರ್ಲಿಲ್ಲ. ಬಂದವರ ಎದುರಿಗೇ ಅಂತಿದ್ದೆ ನಾನು, ರಾತ್ರಿ ಎಲ್ಲಾ ಗೊರಕೆ ಹೊಡೆದು ಹಗಲೂ ಮಲಗ್ತಾಳೆ, ಸೋಮಾರಿ ಆಗ್ಬಿಟ್ಟಿದಾಳೆ ಅಂತ. ಅವಳು ನಕ್ಕುಬಿಡೋಳು."